ಹಿಡಿಯೊಳಗಿನ ತುಕ್ಕು

ಅಜ್ಜನ ಕಾಲದ ಜಪಾನಿ ಕತ್ತಿ ಕೈಗೆ ಬಂದವರು ಅಲಗಿನ ಹೊಳಪಿಗೆ ಮರುಳಾಗುತ್ತಾರೆ. ಬಲ್ಲವರ ಕಣ್ಣು ಮಾತ್ರ ಹಿಡಿಯೊಳಗೆ ಅಡಗಿರುವ ಬುಡವನ್ನು, ಅಂದರೆ ನಕಾಗೊವನ್ನು, ಹುಡುಕುತ್ತದೆ. ಮೆಕುಗಿ ಎಂಬ ಬಿದಿರಿನ ಪುಟ್ಟ ಮೊಳೆಯನ್ನು ಮೆಲ್ಲಗೆ ತಟ್ಟಿ ತೆಗೆದರೆ ಹಿಡಿ ಕಳಚುತ್ತದೆ. ಕಮ್ಮಾರ ಹೆಸರು ಕೊರೆಯುತ್ತಿದ್ದುದು ಅಲ್ಲಿಯೇ. ಆದರೆ ಹೆಸರೊಂದನ್ನೇ ನಂಬುವಂತಿಲ್ಲ. ಖ್ಯಾತನಾಮರ ಸುಳ್ಳು ಸಹಿಗಳು ಶತಮಾನಗಳಿಂದಲೂ ಇವೆ. ಉದ್ದದ ಕತ್ತಿಗಳ ಬುಡ ಮೊಟಕುಗೊಳಿಸಿದಾಗ ನಿಜವಾದ ಸಹಿಗಳೂ ಎಷ್ಟೋ ಅಳಿದಿವೆ. ಅಲಗಿನ ವಯಸ್ಸಿನ ಬಗ್ಗೆ ಸಹಿಗಿಂತ ಹೆಚ್ಚಿನದನ್ನು ಹೇಳುವುದು ಬುಡದ ಮೇಲಿನ ಕಪ್ಪುಗಂದು ಬಣ್ಣದ ಹಳೆಯ ತುಕ್ಕು.

ಇನ್ನು ಅಲಗಿನ ಅಂಚಿನುದ್ದಕ್ಕೂ ಬೆಳಗಿನ ಮಂಜಿನ ಹಾಗೆ ಹಬ್ಬಿದ ಹಾಮೊನ್! ಅಂಚಿಗೆ ತೆಳ್ಳಗೆ, ಬೆನ್ನಿಗೆ ದಪ್ಪಗೆ ಜೇಡಿಮಣ್ಣು ಬಳಿದು, ಕಾಯಿಸಿ ನೀರಿಗಿಳಿಸಿದಾಗ ಅಂಚು ಬಿರುಸಾಗುತ್ತದೆ, ಬೆನ್ನು ಬಾಗುಗುಣ ಉಳಿಸಿಕೊಳ್ಳುತ್ತದೆ; ಎರಡರ ನಡುವೆ ಮೂಡುವ ವಿನ್ಯಾಸವೇ ಹಾಮೊನ್. ಲೋಹದಲ್ಲಿ ಇದಕ್ಕಿಂತ ಚೆಲುವಾದ ಕೆಲಸವನ್ನು ನಾನು ಕಾಣೆ.

1945ರಲ್ಲಿ ಜಪಾನ್ ಸೋತ ನಂತರ ಗೆದ್ದ ಸೈನಿಕರ ಸಾಮಾನಿನೊಡನೆ ಹೊರದೇಶಗಳಿಗೆ ಹೋದ ಕತ್ತಿಗಳು ಅಸಂಖ್ಯ. ಅವುಗಳಲ್ಲಿ ಕಾರ್ಖಾನೆಯ ಮುದ್ರೆ, ಕ್ರಮಸಂಖ್ಯೆ ಹೊತ್ತವು ಬಹಳ. ಆದರೂ ಸೇನೆಯ ಒರೆಯೊಳಗೆ ಮನೆತನದ ಹಳೆಯ ಅಲಗು ಇರುವುದುಂಟು. ಯಾವುದು ಯಾವುದೆಂದು ನಿರ್ಧರಿಸಬೇಕಾದವರು ತಜ್ಞರು; 1948ರಲ್ಲಿ ಜಪಾನಿನಲ್ಲಿ ಹುಟ್ಟಿದ ಕಲಾಖಡ್ಗ ಸಂರಕ್ಷಣಾ ಸಂಘದ ಪ್ರಮಾಣಪತ್ರಕ್ಕೆ ಮಾರುಕಟ್ಟೆಯಲ್ಲಿ ತೂಕವಿದೆ.

ತಜ್ಞರು ನೋಡುವವರೆಗೆ ದಯವಿಟ್ಟು ಬುಡದ ತುಕ್ಕು ಉಜ್ಜಬೇಡಿ, ಅಲಗಿಗೆ ಉಪ್ಪುಕಾಗದ ಮುಟ್ಟಿಸಬೇಡಿ, ಸಾಣೆ ಹಿಡಿಸಬೇಡಿ.