ಹಳೆಯ ಯಂತ್ರದ ಜೀರ್ಣೋದ್ಧಾರ

ಹೂಳು ತುಂಬಿದ ಕೆರೆಯೊಂದನ್ನು ಮತ್ತೆ ಉಪಯೋಗಕ್ಕೆ ತರಬೇಕಾದಾಗ ನಮ್ಮ ಸೀಮೆಯ ಹಿರಿಯರು ನೀರಿನ ಮಾತನ್ನು ಕಡೆಗೆ ಇರಿಸಿಕೊಂಡು, ಏರಿಯಲ್ಲಿ ಬಿರುಕಿದೆಯೇ, ತೂಬಿನ ಬಾಯಿ ಕಟ್ಟಿದೆಯೇ, ಕೋಡಿಯ ಕಲ್ಲು ಕದಲಿದೆಯೇ ಎಂಬುದನ್ನು ಮೊದಲು ನೋಡುತ್ತಿದ್ದರು. ಕಡೂರು ತಾಲ್ಲೂಕಿನ ಮದಗದ ಕೆರೆಯಷ್ಟು ದೊಡ್ಡದಾಗಲಿ, ಊರ ಹೊರಗಿನ ಹೆಸರಿಲ್ಲದ ಕಟ್ಟೆಯಾಗಲಿ, ಕ್ರಮ ಒಂದೇ. ಏಕೆಂದರೆ ಏರಿ ಗಟ್ಟಿಯಿಲ್ಲದ ಕೆರೆಗೆ ಬಂದ ಹೆಚ್ಚಿನ ನೀರು ಊರನ್ನು ಕೊಚ್ಚೀತೇ ಹೊರತು ಗದ್ದೆಯನ್ನು ತೋಯಿಸಲಾರದು. ಜೀರ್ಣೋದ್ಧಾರದ ಜೀವಾಳವಿರುವುದು ಈ ಕ್ರಮಜ್ಞಾನದಲ್ಲಿ. ಆದುದರಿಂದ, ಕಡೂರು, ತರೀಕೆರೆ, ಅಜ್ಜಂಪುರಗಳ ತರುಣರು ತಮ್ಮ ಮನೆಯ ಹಳೆಯ ಕಂಪ್ಯೂಟರನ್ನು ಅಲ್ಪ ಹಣದಲ್ಲಿ ಆಟಕ್ಕೆ ಯೋಗ್ಯವಾಗುವಂತೆ ನವೀಕರಿಸುವ, ಅವರ ಮಾತಿನಲ್ಲಿ ಹೇಳುವುದಾದರೆ ‘ಅಪ್‌ಗ್ರೇಡ್ ಮಾಡಿಸುವ’, ರೂಢಿಯನ್ನು ವಿಮರ್ಶಿಸಹೊರಟ ನಾನು ಮುಖ್ಯವಾಗಿ ಕೇಳುವ ಪ್ರಶ್ನೆಯೂ ಇದೊಂದೇ: ಅವರು ಹಣವನ್ನು ಯಾವ ಕ್ರಮದಲ್ಲಿ ವ್ಯಯ ಮಾಡುತ್ತಿದ್ದಾರೆ?

ಕಂಪ್ಯೂಟರಿನ ಆಟವೆಂದೊಡನೆ ಅದನ್ನು ಕಾಲಹರಣವೆಂದು ತಳ್ಳಿಹಾಕುವ ಹಿರಿಯರು ನಮ್ಮಲ್ಲಿ ಬಹುಮಂದಿ ಇದ್ದಾರೆ. ನಾನು ಆ ಪಕ್ಷದವನಲ್ಲ. ಹಗಲೆಲ್ಲ ಅಡಕೆಯ ಮಂಡಿಯಲ್ಲಿಯೋ ತೆಂಗಿನ ತೋಟದಲ್ಲಿಯೋ ದುಡಿದ ಹುಡುಗನೊಬ್ಬನು ರಾತ್ರಿ ಒಂದೆರಡು ಗಂಟೆಗಳ ಕಾಲ ಗೆಳೆಯರೊಡನೆ ವ್ಯಾಲರಂಟ್ ಆಡುವುದು, ಅವನ ತಾತನು ಅರಳಿಕಟ್ಟೆಯ ಮೇಲೆ ಕುಳಿತು ಚೌಕಾಬಾರ ಆಡಿದಷ್ಟೇ ನ್ಯಾಯವಾದ ವಿಶ್ರಾಂತಿ. ಆ ವಿಶ್ರಾಂತಿಗೆ ಬೇಕಾದ ಉಪಕರಣವನ್ನು ಹೊಸದಾಗಿ ಕೊಳ್ಳಲು ಐವತ್ತು ಸಾವಿರ ಇಲ್ಲದವನು ಇರುವುದನ್ನೇ ಸರಿಪಡಿಸಿಕೊಳ್ಳುವುದು ಶ್ಲಾಘ್ಯವಾದ ವಿವೇಕ. ನನ್ನ ಆಕ್ಷೇಪವಿರುವುದು ಉದ್ದೇಶದ ಮೇಲಲ್ಲ, ವಿಧಾನದ ಮೇಲೆ.

ನನ್ನ ಪರಿಶೀಲನೆಗೆ ಆಧಾರವಾದುದು ತರೀಕೆರೆಯಲ್ಲಿರುವ ನನ್ನ ಅಕ್ಕನ ಮನೆಯ ಯಂತ್ರ. 2013ರಲ್ಲಿ ಭಾವನವರು ಅಂಗಡಿಯ ಲೆಕ್ಕಪತ್ರಕ್ಕೆಂದು ಕೊಂಡ ಅಸೆಂಬಲ್ಡ್ ಕಂಪ್ಯೂಟರ್ ಅದು: ಇಂಟೆಲ್ ಮೂರನೆಯ ತಲೆಮಾರಿನ ಐ5-3470 ಪ್ರೊಸೆಸರ್, ಎಚ್61 ಚಿಪ್‌ಸೆಟ್ಟಿನ ಮದರ್‌ಬೋರ್ಡ್, 4 ಜಿಬಿಯ ಒಂದೇ ಒಂದು ರ‍್ಯಾಮ್, 500 ಜಿಬಿಯ ಹಾರ್ಡ್‌ಡಿಸ್ಕ್, ಕ್ಯಾಬಿನೆಟ್ಟಿನೊಡನೆಯೇ ಬಂದ ಎಸ್‌ಎಂಪಿಎಸ್. ನಮ್ಮ ಕಡೆಯ ಮನೆಗಳಲ್ಲಿ ನಾನು ಕಂಡ ಹಳೆಯ ಯಂತ್ರಗಳಲ್ಲಿ ಅನೇಕವು ಇದೇ ಕಾಲದವು, ಇದೇ ಮೈಕಟ್ಟಿನವು. ಈಗ ಅದು ಪದವಿ ತರಗತಿಯಲ್ಲಿ ಓದುತ್ತಿರುವ ಸೋದರಳಿಯನ ಪಾಲಿಗೆ ಬಂದಿದೆ. 2024ರ ಮಳೆಗಾಲದಲ್ಲಿ ನಾನು ಅಲ್ಲಿಗೆ ಹೋದಾಗ, ಹಿಂದಿನ ಸುಗ್ಗಿಯಲ್ಲಿ ಅಡಕೆ ಸುಲಿಸುವ ಕಡೆ ಲೆಕ್ಕ ಬರೆದು ಕೂಡಿಸಿದ 12,000 ರೂಪಾಯಿಯನ್ನು ತೋರಿಸಿ, “ಮಾವ, ಇಷ್ಟರಲ್ಲಿ ಒಂದು ಒಳ್ಳೆ ಗ್ರಾಫಿಕ್ಸ್ ಕಾರ್ಡೇ ಬರುತ್ತೆ” ಎಂದು ಅವನು ಉತ್ಸಾಹದಿಂದ ಹೇಳಿದನು. ಈ ರೂಢಿಯ ಮುಖ್ಯ ದೋಷವು ಆ ಒಂದು ವಾಕ್ಯದಲ್ಲಿ ಸಂಪೂರ್ಣವಾಗಿ ಅಡಗಿದೆ. ಇರುವ ಹಣವೆಲ್ಲ ಕಣ್ಣಿಗೆ ಕಾಣುವ ಒಂದು ವಸ್ತುವಿಗೆ. ಉಳಿದುದರ ಯೋಚನೆಯೇ ಇಲ್ಲ.

ಹಣವನ್ನು ಮುಟ್ಟುವ ಮೊದಲೇ ಮಾಡಬೇಕಾದ ಕೆಲಸ ಬಹಳವಿದೆ. ಕಡೂರು ಬಯಲಿನ ಬೇಸಿಗೆಯ ಗಾಳಿ ಹೊತ್ತು ತರುವ ನವುರಾದ ಧೂಳು, ತೆಂಗಿನ ನಾರಿನ ಪುಡಿಯೊಡನೆ ಸೇರಿ, ಪ್ರೊಸೆಸರಿನ ಫ್ಯಾನಿನ ಕೆಳಗಿರುವ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಶಾಖಕ್ಕೆ ಹೊರಹೋಗುವ ಮಾರ್ಗವಿಲ್ಲದಾದಾಗ ಪ್ರೊಸೆಸರ್ ಆತ್ಮರಕ್ಷಣಾರ್ಥವಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹುಡುಗರು ಅದನ್ನು ‘ಲ್ಯಾಗ್’ ಎಂದು ಕರೆದು ಹೊಸ ಕಾರ್ಡಿನ ಕನಸು ಕಾಣುತ್ತಾರೆ. ಮಲೆನಾಡಿನ ಸೆರಗಿಗೆ ಸೇರಿದ ತರೀಕೆರೆಯಲ್ಲಾದರೋ ಮಳೆಗಾಲದ ತೇವದಿಂದ ರ‍್ಯಾಮಿನ ಅಂಚಿನ ಹೊಳಪು ಮಂಕಾಗಿ, ಯಂತ್ರವು ಬೀಪ್ ಎಂದು ಕೂಗಿ ನಿಂತುಬಿಡುವುದುಂಟು. ರ‍್ಯಾಮನ್ನು ತೆಗೆದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದರ ಅಂಚನ್ನು ಉಜ್ಜಿ, ಮತ್ತೆ ಕೂರಿಸುವ ಉಪಾಯವನ್ನು ನಮ್ಮ ಸಣ್ಣ ಊರುಗಳ ರಿಪೇರಿಯವರು ಎಷ್ಟೋ ವರ್ಷಗಳಿಂದ ಬಲ್ಲರು. ಯಾವ ಪುಸ್ತಕದ ವಿದ್ಯೆಗೂ ಕಡಿಮೆಯಿಲ್ಲದ ಕೌಶಲವೆಂದು ನಾನು ಅದನ್ನು ಗೌರವಿಸುತ್ತೇನೆ. ನಾವು ಬ್ಲೋವರಿನಿಂದ ಧೂಳನ್ನು ತೆಗೆದು, 150 ರೂಪಾಯಿಯ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಿ, ದಿನಾಂಕವನ್ನು ಮರೆಯುತ್ತಿದ್ದ ಬೋರ್ಡಿಗೆ 40 ರೂಪಾಯಿಯ ಸಿಆರ್2032 ಬಿಲ್ಲೆ ಬ್ಯಾಟರಿಯನ್ನು ಹಾಕಿದೆವು. ಮಿತಿಮೀರಿ ಕೂಗುತ್ತಿದ್ದ ಫ್ಯಾನು ಅಂದು ಸಂಜೆಯೇ ಸುಮ್ಮನಾಯಿತು.

ಇನ್ನು ಏರಿಯ ವಿಷಯ; ಕಂಪ್ಯೂಟರಿನಲ್ಲಿ ಏರಿಯ ಸ್ಥಾನವನ್ನು ಹೊಂದಿರುವುದು ಎಸ್‌ಎಂಪಿಎಸ್. ಮನೆಯ ಪ್ಲಗ್ಗಿನಿಂದ ಬಂದ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಒಳಗಿನ ಪ್ರತಿಯೊಂದು ಅಂಗಕ್ಕೂ ಹಂಚುವ ಈ ಕಬ್ಬಿಣದ ಡಬ್ಬಿಯನ್ನು ಕೊಳ್ಳುವಾಗ ಯಾರೂ ನೋಡುವುದಿಲ್ಲ, ಕೊಂಡ ಮೇಲೆ ಯಾರೂ ನೆನೆಯುವುದಿಲ್ಲ. ಕ್ಯಾಬಿನೆಟ್ಟಿನೊಡನೆ ಬಂದ ಎಸ್‌ಎಂಪಿಎಸ್ಸಿನ ಮೇಲೆ ‘450 ವಾಟ್’ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. ಆದರೆ ಪಕ್ಕದ ಸಣ್ಣ ಚೀಟಿಯನ್ನು ಓದಿದರೆ 12 ವೋಲ್ಟಿನ ಸಾಲಿನಲ್ಲಿ ಬರೆದಿದ್ದುದು 14 ಆಂಪಿಯರ್ ಮಾತ್ರ. ಹನ್ನೆರಡನ್ನು ಹದಿನಾಲ್ಕರಿಂದ ಗುಣಿಸಿದರೆ 168 ವಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡುಗಳೆರಡೂ ಮುಖ್ಯವಾಗಿ ಉಣ್ಣುವುದು ಈ 12 ವೋಲ್ಟಿನ ಸಾಲಿನಿಂದಲೇ. ಐ5-3470 ತನ್ನ ಪಾಲಿಗೆ 77 ವಾಟ್ ಕೇಳುವಂಥದು. ಸೋದರಳಿಯನು ಮೊದಲು ಮನಸ್ಸಿಟ್ಟಿದ್ದ ಆರ್‌ಎಕ್ಸ್ 580 ಕಾರ್ಡು ತಾನೊಂದೇ 185 ವಾಟ್ ಕೇಳುವಂಥದು. ಲೆಕ್ಕ ಇಷ್ಟು ಸರಳವಾಗಿರುವಾಗಲೂ ಅದನ್ನು ಮಾಡುವವರಿಲ್ಲ.

ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವುಂಟು. ಅಜ್ಜಂಪುರದ ನಮ್ಮ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ಇಂತಹದೇ ಒಂದು ಕಾರ್ಡನ್ನು ಹಳೆಯ ಎಸ್‌ಎಂಪಿಎಸ್ಸಿಗೆ ಜೋಡಿಸಲಾಯಿತು. ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ತಂತಿಯೇ ಅದರಲ್ಲಿರಲಿಲ್ಲ. ಮಾರಿದವರು ಹಾರ್ಡ್‌ಡಿಸ್ಕಿನ ತಂತಿಗೆ ಸಿಕ್ಕಿಸುವ ಒಂದು ಕನ್ವರ್ಟರನ್ನು ಕೊಟ್ಟು “ನಡೆಯುತ್ತೆ ಸಾರ್” ಎಂದರು. ಒಂಬತ್ತು ದಿನ ನಡೆಯಿತು. ಹತ್ತನೆಯ ದಿನ ರಾತ್ರಿ ಸುಟ್ಟ ವಾಸನೆ ಬಂದು, ಎಸ್‌ಎಂಪಿಎಸ್ಸಿನೊಡನೆ ಮದರ್‌ಬೋರ್ಡೂ ಹಾರ್ಡ್‌ಡಿಸ್ಕೂ ಹೋದುವು. ಹಾರ್ಡ್‌ಡಿಸ್ಕಿನಲ್ಲಿ ನನ್ನ ತಾಯಿಯವರ ಕೊನೆಯ ವರ್ಷಗಳ ಭಾವಚಿತ್ರಗಳಿದ್ದುವು. ಕಾರ್ಡಿನ ಸ್ಲಾಟು ಕೊಡಬಲ್ಲುದು 75 ವಾಟ್, ಆರು ಪಿನ್ನಿನ ತಂತಿ ಕೊಡಬಲ್ಲುದು ಮತ್ತೆ 75, ಎಂಟು ಪಿನ್ನಿನದು 150 ಎಂಬ ಮೂರು ಸಂಖ್ಯೆಗಳನ್ನು ಅಂದು ಯಾರಾದರೂ ನನಗೆ ತಿಳಿಸಿದ್ದರೆ ಆ ಚಿತ್ರಗಳು ಉಳಿಯುತ್ತಿದ್ದುವು. ಆದುದರಿಂದ ತರೀಕೆರೆಯಲ್ಲಿ ನಾನು ಮೊದಲು ಹಟಹಿಡಿದು ತರಿಸಿದ್ದು 2,800 ರೂಪಾಯಿಯ, 80 ಪ್ಲಸ್ ಬ್ರಾಂಜ್ ಮುದ್ರೆಯುಳ್ಳ 450 ವಾಟಿನ ಎಸ್‌ಎಂಪಿಎಸ್. ಅರ್ಧ ಹೊರೆಯಲ್ಲಿ ಶೇಕಡ 85ರಷ್ಟು ದಕ್ಷತೆಯನ್ನು ಪರೀಕ್ಷೆಯಲ್ಲಿ ತೋರಿಸಿದ ಮೇಲೆ ದೊರೆಯತಕ್ಕ ಮುದ್ರೆ ಅದು. ಹುಡುಗನ ಮುಖ ಬಾಡಿತು. ಕಾಲುಭಾಗ ಹಣ ಹೋದರೂ ತೆರೆಯ ಮೇಲೆ ಏನೂ ಬದಲಾಗಲಿಲ್ಲವಷ್ಟೆ.

ಬದಲಾವಣೆ ಕಂಡದ್ದು ಎಸ್‌ಎಸ್‌ಡಿ ಹಾಕಿದ ಮೇಲೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್‌ಡಿಸ್ಕಿನ ತಟ್ಟೆಗೆ ಒಂದು ಸುತ್ತು ಮುಗಿಸಲು ಸುಮಾರು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಅಕ್ಷರ ಸೂಜಿಯ ಕೆಳಗೆ ಬರುವುದಕ್ಕೆ ಸರಾಸರಿ ಅದರಲ್ಲಿ ಅರ್ಧ ಕಾಯಬೇಕು, ಸೂಜಿಯ ಕೈ ಸರಿಯುವ ಕಾಲ ಬೇರೆ. ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗೆ ಈ ಕಾಯುವಿಕೆಯೇ ಇಲ್ಲ. ಎಚ್61 ಬೋರ್ಡಿನ ಸಾಟಾ ಹಾದಿ ಸೆಕೆಂಡಿಗೆ 3 ಗಿಗಾಬಿಟ್ಟಿನದು, ಹೊಸ ಬೋರ್ಡುಗಳದು 6 ಗಿಗಾಬಿಟ್ಟಿನದು. ಆದಕಾರಣ ಎಸ್‌ಎಸ್‌ಡಿಯ ಪೂರ್ಣ ವೇಗದಲ್ಲಿ ಅರ್ಧ ಮಾತ್ರ ಇಲ್ಲಿ ದಕ್ಕುತ್ತದೆ ಎಂದು ಬಲ್ಲವರು ಮೂಗೆಳೆಯುತ್ತಾರೆ. ಆ ಮಾತು ನಿಜವಾದರೂ ಅಮುಖ್ಯ. ಸಾವಿರಾರು ಸಣ್ಣ ಕಡತಗಳನ್ನು ಅಲ್ಲಿಂದಿಲ್ಲಿಂದ ಹೆಕ್ಕಬೇಕಾದಲ್ಲಿ ಹಾದಿಯ ಅಗಲಕ್ಕಿಂತ ಕಾಯುವಿಕೆಯ ಅಭಾವವೇ ಲಾಭದಾಯಕ. ಎರಡು ನಿಮಿಷ ಮೀರಿ ಏಳುತ್ತಿದ್ದ ಯಂತ್ರವು, 1,500 ರೂಪಾಯಿಯ 240 ಜಿಬಿ ಎಸ್‌ಎಸ್‌ಡಿಯಿಂದ, ಇಪ್ಪತ್ತೈದು ಸೆಕೆಂಡಿನೊಳಗೆ ಎದ್ದು ನಿಂತಿತು. ಈ ರೂಢಿಯಲ್ಲಿ ನಿಸ್ಸಂಶಯವಾಗಿ ಪ್ರಶಂಸಿಸಬಹುದಾದ ವೆಚ್ಚ ಇದೊಂದು. ರ‍್ಯಾಮಿನ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ: ಡಿಡಿಆರ್3-1600 ಜಾತಿಯ ಒಂದು ರ‍್ಯಾಮ್ ಸೆಕೆಂಡಿಗೆ 12.8 ಗಿಗಾಬೈಟ್ ಸಾಗಿಸಿದರೆ ಜೋಡಿಯಾಗಿ ಕೂರಿಸಿದ ಎರಡು 25.6 ಸಾಗಿಸುತ್ತವೆ, 1,600 ರೂಪಾಯಿಗೆ ಸೆಕೆಂಡ್ ಹ್ಯಾಂಡ್ 8 ಜಿಬಿಯ ಎರಡನ್ನು ತಂದೆವು.

ಅನಂತರವೇ ಗ್ರಾಫಿಕ್ಸ್ ಕಾರ್ಡಿನ ಸರದಿ. ಹೈದರ್-ಟಿಪ್ಪುಗಳ ಸೈನ್ಯದ ಫಿರಂಗಿಗಳನ್ನೆಳೆದ ಅಮೃತ ಮಹಲ್ ತಳಿಯ ಸಂವರ್ಧನ ಕೇಂದ್ರವಿರುವ ಅಜ್ಜಂಪುರದಲ್ಲಿ ಬೆಳೆದವನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ: ನೊಗದ ಒಂದು ಕಡೆ ಎಷ್ಟೇ ಬಲಶಾಲಿಯಾದ ಎತ್ತನ್ನು ಕಟ್ಟಿದರೂ ಗಾಡಿ ಸಾಗುವುದು ಇನ್ನೊಂದು ಕಡೆಯ ಎತ್ತಿನ ನಡಿಗೆಯಲ್ಲಿಯೇ. ಪ್ರೊಸೆಸರ್ ಮತ್ತು ಕಾರ್ಡುಗಳು ಅಂತಹ ಜೋಡಿ. ಏಕಕಾಲಕ್ಕೆ ನಾಲ್ಕೇ ಕೆಲಸದ ಎಳೆಗಳನ್ನು, ಅಂದರೆ ಥ್ರೆಡ್ಡುಗಳನ್ನು, ನಡೆಸಬಲ್ಲ 2012ರ ಪ್ರೊಸೆಸರಿನ ಪಕ್ಕಕ್ಕೆ ದುಬಾರಿಯ ಕಾರ್ಡನ್ನು ಕಟ್ಟುವುದು ಹಣದ ಅಪವ್ಯಯ. ಹೊಸದೆಂಬ ಒಂದೇ ಕಾರಣಕ್ಕೆ ಕೊಳ್ಳುವುದೂ ಅಪಾಯವೇ: 2022ರ ಜನವರಿಯಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ, ಸ್ಲಾಟಿನ ಹದಿನಾರು ಹಾದಿಗಳಲ್ಲಿ ನಾಲ್ಕನ್ನು ಮಾತ್ರ ಬಳಸುವಂತೆ ರಚಿತವಾದುದರಿಂದ, ಹಾದಿಗಳು ನಿಧಾನವಾಗಿರುವ ಹಳೆಯ ಬೋರ್ಡುಗಳಲ್ಲಿ ಏದುಸಿರು ಬಿಡುತ್ತದೆ. ಬಡವನ ಕಾರ್ಡೆಂದು ಮಾರಾಟಕ್ಕೆ ಬಂದ ವಸ್ತು ಬಡವನ ಬೋರ್ಡಿನಲ್ಲಿಯೇ ಸೋಲುವಂತೆ ರಚಿತವಾದುದನ್ನು ನಾನು ಕ್ಷಮಿಸಲಾರೆ.

ನಾವು ಆರಿಸಿಕೊಂಡುದು 2016ರ ಜಿಟಿಎಕ್ಸ್ 1050 ಟಿಐ: 4 ಜಿಬಿ, 75 ವಾಟ್, ಸಾಮಾನ್ಯವಾಗಿ ಪ್ರತ್ಯೇಕ ತಂತಿಯ ಅಗತ್ಯವಿಲ್ಲದ್ದು. ತರೀಕೆರೆಯಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಎಸ್.ಪಿ. ರಸ್ತೆಯ ಕಿರಿದಾದ ಅಂಗಡಿಗಳಲ್ಲಿ ಅರ್ಧ ದಿನ ಅಲೆದು, ಸೆಕೆಂಡ್ ಹ್ಯಾಂಡಿನದನ್ನು 5,200 ರೂಪಾಯಿಗೆ ತಂದೆವು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಡಿಜಿಟಲ್ ನಾಣ್ಯವು, ಗ್ರಾಫಿಕ್ಸ್ ಕಾರ್ಡುಗಳಿಂದ ಲೆಕ್ಕ ಮಾಡಿಸುವ ‘ಗಣಿಗಾರಿಕೆ’ಯ ಪದ್ಧತಿಯನ್ನೇ ಕೈಬಿಟ್ಟ ಮೇಲೆ, ಹಗಲಿರುಳು ಆ ಕೆಲಸದಲ್ಲಿ ದುಡಿದ ಕಾರ್ಡುಗಳು ರಾಶಿರಾಶಿಯಾಗಿ ಹಳೆಯ ಸರಕಿನ ಪೇಟೆಗೆ ಬಂದುವು. ಅವುಗಳನ್ನು ಅಸ್ಪೃಶ್ಯವೆಂದು ದೂರವಿಡಬೇಕಾಗಿಲ್ಲ. ಸಾಮಾನ್ಯವಾಗಿ ಸವೆದಿರುವುದು ಫ್ಯಾನು, ಒಣಗಿರುವುದು ಪೇಸ್ಟು. ಆದರೆ ಅಂಗಡಿಯಲ್ಲಿಯೇ ಅರ್ಧ ಗಂಟೆ ಓಡಿಸಿ ತೋರಿಸಲೊಪ್ಪದವರಿಂದ ಏನನ್ನೂ ಕೊಳ್ಳತಕ್ಕದ್ದಲ್ಲ. ಒಟ್ಟು ವೆಚ್ಚ 11,290 ರೂಪಾಯಿ. ಉಳಿದ 710 ರೂಪಾಯಿಯಲ್ಲಿ ರೈಲಿನ ಟಿಕೆಟ್ಟು, ಊಟ. ಜಿಟಿಎ 5 ಮಧ್ಯಮ ಸೆಟ್ಟಿಂಗಿನಲ್ಲಿ ಸೆಕೆಂಡಿಗೆ ಅರುವತ್ತು ಚಿತ್ರಗಳ ಆಸುಪಾಸಿನಲ್ಲಿ ಸರಾಗವಾಗಿ ನಡೆಯಿತು. ವ್ಯಾಲರಂಟ್ ಅದಕ್ಕೂ ಸಲೀಸು. ಕೌಂಟರ್-ಸ್ಟ್ರೈಕ್ 2 ಮಾತ್ರ ಹೊಗೆಬಾಂಬು ಸಿಡಿದಾಗಲೆಲ್ಲ ತಡವರಿಸಿತು. ಅಲ್ಲಿ ಸೋತುದು ಕಾರ್ಡಲ್ಲ, ಪ್ರೊಸೆಸರ್.

ಹಾಗಾದರೆ ಅದೇ ಬೋರ್ಡಿಗೆ ಎಂಟು ಥ್ರೆಡ್ಡಿನ ಐ7-3770 ಹಾಕಬಾರದೇಕೆಂದು ಹುಡುಗನು ಕೇಳಿದನು. ನನ್ನ ಅಭಿಪ್ರಾಯದಲ್ಲಿ ಅಲ್ಲಿ ನಿಲ್ಲಬೇಕು. ಎಸ್‌ಎಂಪಿಎಸ್, ಎಸ್‌ಎಸ್‌ಡಿ, ಕಾರ್ಡು ಇವು ನಾಳೆ ಬೇರೆ ಬೋರ್ಡು ಬಂದಾಗ ಅದರೊಳಕ್ಕೂ ಬರುವ ಸೊತ್ತು. ಹಳೆಯ ಸಾಕೆಟ್ಟಿನ ಪ್ರೊಸೆಸರಿಗೆ ಹಾಕಿದ ಹಣ ಆ ಬೋರ್ಡಿನೊಡನೆಯೇ ಸಾಯುತ್ತದೆ. ಈ ತಲೆಮಾರಿನ ಪ್ರೊಸೆಸರುಗಳಲ್ಲಿ ಎವಿಎಕ್ಸ್2 ಎಂಬ ಆಜ್ಞಾಸಮೂಹವಿಲ್ಲದ ಕಾರಣ ಕೆಲವು ಹೊಸ ಆಟಗಳು ಪ್ರಾರಂಭವೇ ಆಗುವುದಿಲ್ಲ. ವಿಂಡೋಸ್ 11, ಇಂಟೆಲ್ಲಿನ ಎಂಟನೆಯ ತಲೆಮಾರಿಗಿಂತ ಹಿಂದಿನವನ್ನು, ಕೆಲವನ್ನು ಬಿಟ್ಟರೆ, ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಪೋಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲಿನಕ್ಸ್ ಹಾಕಿಕೊಂಡು, 2018ರಲ್ಲಿ ವಾಲ್ವ್ ಸಂಸ್ಥೆ ಹೊರತಂದ ಪ್ರೋಟಾನ್ ಎಂಬ ತಂತ್ರಾಂಶದ ನೆರವಿನಿಂದ ಬಹಳಷ್ಟು ಆಟಗಳನ್ನು ಆಡಬಹುದು, ಆದರೆ ವ್ಯಾಲರಂಟಿಗೆ ಆ ಬಾಗಿಲು ಮುಚ್ಚಿದೆ. ಮುಂದಿನ ಬೋರ್ಡನ್ನು ಕೊಳ್ಳುವವರು ಎಎಂಡಿಯ ಎಎಂ4 ಸಾಕೆಟ್ಟಿನ ಕಡೆ ನೋಡಬೇಕೆಂದು ನಾನು ಹೇಳುವುದು ಕಂಪನಿಯ ಮೇಲಿನ ಮೋಹದಿಂದಲ್ಲ. 2017ರ ಬೋರ್ಡುಗಳಲ್ಲಿ ಅನೇಕವು, ಬಯೋಸ್ ನವೀಕರಿಸಿದ ಮೇಲೆ, 2022ರ ರೈಜನ್ 5 5600ನ್ನು ಸ್ವೀಕರಿಸುತ್ತವೆ. ಅದೇ 2017ರಲ್ಲಿ ಇಂಟೆಲ್ ತನ್ನ ಎಂಟನೆಯ ತಲೆಮಾರಿಗೆ, ಪಿನ್ನುಗಳ ಸಂಖ್ಯೆ ಹಿಂದಿನಷ್ಟೇ ಇದ್ದರೂ, ಹೊಸ ಬೋರ್ಡನ್ನೇ ಕಡ್ಡಾಯ ಮಾಡಿತು. ಸ್ವಲ್ಪಸ್ವಲ್ಪವಾಗಿ ಹಣ ಕೂಡಿಸುವವನ ದೃಷ್ಟಿಯಿಂದ ಮೊದಲನೆಯದು ಧರ್ಮ, ಎರಡನೆಯದು ಅನ್ಯಾಯ.

ಸೋದರಳಿಯನಿಗೆ ಹೇಳಿದ್ದನ್ನೇ ಓದುಗರಿಗೂ ಹೇಳುತ್ತೇನೆ. ಮುಂದಿನ ಬಾರಿ ಕೈಗೆ ಹಣ ಬಂದಾಗ, ಎಸ್.ಪಿ. ರಸ್ತೆಗೆ ಹೊರಡುವ ಮುನ್ನ ಪ್ಲಗ್ಗನ್ನು ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ತಗಡಿನ ಎರಡು ತಿರುಪುಗಳನ್ನು ಬಿಚ್ಚಿ, ಎಸ್‌ಎಂಪಿಎಸ್ಸಿನ ಮೇಲಿನ ಚೀಟಿಯಲ್ಲಿ 12 ವೋಲ್ಟಿನ ಸಾಲನ್ನು ಹುಡುಕಿ, ಅಲ್ಲಿರುವ ಆಂಪಿಯರನ್ನು ಹನ್ನೆರಡರಿಂದ ಗುಣಿಸಿ ನೋಡಿ. ಉತ್ತರವು 300ಕ್ಕಿಂತ ಕಡಿಮೆಯಾಗಿದ್ದರೆ, ದಯವಿಟ್ಟು ಕಾರ್ಡಿನ ಮಾತನ್ನು ಇನ್ನೊಂದು ತಿಂಗಳು ಮುಂದಕ್ಕೆ ಹಾಕಿ.