ಸುತ್ತಿಗೆಯ ಸಾಕ್ಷ್ಯ

ನೆಲದಡಿಯಲ್ಲಿ ಕಾಂಕ್ರೀಟಿನ ಕಟ್ಟಡವನ್ನು ಹೂಡುವ ಮುನ್ನ ಮಣ್ಣನ್ನು ಪರೀಕ್ಷಿಸತಕ್ಕದ್ದೆಂಬುದರಲ್ಲಿ ಈಗ ಯಾರಿಗೂ ವಿವಾದವಿಲ್ಲ. ಪರೀಕ್ಷೆ ನಡೆದ ಮಾತ್ರಕ್ಕೆ ನೆಲವನ್ನು ಅರಿತಂತಾಯಿತೆಂಬ ನಂಬಿಕೆಯ ವಿಷಯದಲ್ಲಿ ನನಗೆ ತಕರಾರುಂಟು. ಐ.ಎಸ್. 1892ರ ವಿಧಿಗಳನ್ನೂ ರಂಧ್ರಗಳ ಅಂತರ, ಆಳಗಳ ಲೆಕ್ಕವನ್ನೂ ಬಲ್ಲ ಓದುಗರಿಗೆ ಅವನ್ನಿಲ್ಲಿ ಮತ್ತೆ ಒಪ್ಪಿಸಬೇಕಾಗಿಲ್ಲ. ನನ್ನ ವಿಚಾರ ಮಣ್ಣಿನ ವರದಿಗಳಲ್ಲಿ ಪಟ್ಟವೇರಿ ಕುಳಿತ ಒಂದು ಸಂಖ್ಯೆಯನ್ನು ಕುರಿತದ್ದು. ಅದರ ಕೀರ್ತಿ ಅದರ ಯೋಗ್ಯತೆಯನ್ನು ಬಹುವಾಗಿ ಮೀರಿದೆ.

ಆ ಸಂಖ್ಯೆಯ ಜನ್ಮವೃತ್ತಾಂತ ಸರಳವಾದದ್ದು. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಮತ್ತೆ ಮತ್ತೆ ಬೀಳಬಿಟ್ಟು, ಕೊಳವೆಯ ಮೂತಿ ಮೊದಲ 15 ಸೆಂ.ಮೀ. ಇಳಿದದ್ದನ್ನು ಲೆಕ್ಕಕ್ಕೆ ಹಿಡಿಯದೆ, ಮುಂದಿನ 30 ಸೆಂ.ಮೀ. ಇಳಿಯಲು ಬೇಕಾದ ಪೆಟ್ಟುಗಳನ್ನು ಎಣಿಸಿದರೆ ದೊರೆಯುವುದೇ ಎನ್-ಮೌಲ್ಯ. ಮರಳಿನ ಮೇಲೆ ಕಂಬ ನಿಲ್ಲಿಸುವವನಿಗೆ ಇದು ಉಪಕಾರಿಯೆಂಬುದನ್ನು ನಾನು ಅಲ್ಲಗಳೆಯೆನು. ಆದರೆ ನಮ್ಮ ಸೀಮೆಯ ನೆಲವು ನೈಸ್ ಶಿಲೆಯು ಯುಗಾಂತರಗಳಿಂದ ಶಿಥಿಲವಾಗಿ ಕೆಮ್ಮಣ್ಣೂ ಗರಸೂ ಆದದ್ದು; ಅದರ ನಡುನಡುವೆ ಶಿಥಿಲಗೊಳ್ಳದ ಗುಂಡುಬಂಡೆಗಳು ಹುದುಗಿಕೊಂಡಿವೆ. ಸುತ್ತಿಗೆಯ ಪೆಟ್ಟು ಇಂಥ ಗುಂಡೊಂದರ ನೆತ್ತಿಯ ಮೇಲೆ ಬಿದ್ದಾಗ ಕೊಳವೆ ಇಳಿಯದು; ಬರೆದುಕೊಳ್ಳುವವನು ‘ರೆಫ್ಯೂಸಲ್’ ಎಂದು ಬರೆಯುವನು; ನಕ್ಷೆಗಾರನು ಎರಡು ರಂಧ್ರಗಳ ನಡುವೆ ಗೆರೆಯೆಳೆದು ಅದಕ್ಕೆ ಬಂಡೆಯ ಮಟ್ಟವೆಂದು ನಾಮಕರಣ ಮಾಡುವನು. ಆ ಗುಂಡಿನ ಕೆಳಗೆ ಮತ್ತೆ ಮೆತ್ತನೆಯ ಮಣ್ಣಿರಬಹುದೆಂಬ ಶಂಕೆಗೆ ಆ ಗೆರೆಯಲ್ಲಿ ಎಡೆಯಿಲ್ಲ. ಬೆಂಗಳೂರಿನ ಮೆಟ್ರೋ ತನ್ನ ಮೊದಲ ಹಂತದ 8.8 ಕಿ.ಮೀ. ನೆಲದಡಿಯ ಹಾದಿಯನ್ನು ಕೊರೆದಾಗ ಯಂತ್ರಗಳ ಹಲ್ಲು ಸವೆಸಿದ್ದು ಮಣ್ಣೂ ಗುಂಡೂ ಕಲೆತ ಇಂಥ ನೆಲವೇ.

ಇದಕ್ಕಿಂತ ಗಹನವಾದ ದೋಷ ಪ್ರಶ್ನೆಯಲ್ಲಿಯೇ ಇದೆ. ಎನ್-ಮೌಲ್ಯವನ್ನು ಮುಖ್ಯವಾಗಿ ಕೇಳುವುದು, ನೆಲವು ಭಾರವನ್ನು ಹೊರಬಲ್ಲದೇ ಎಂದು. ಆದರೆ ಮನೆಮನೆಯ ಅಂಗಳದಲ್ಲಿರುವ ಸಂಪನ್ನೇ ನೋಡಿರಿ: ಮೂರು ಮೀಟರು ಆಳ ಅಗೆದಾಗ ಚದರ ಮೀಟರಿಗೆ ಐದು ಟನ್ನಿಗೂ ಮಿಕ್ಕ ಮಣ್ಣು ಹೊರಬರುತ್ತದೆ, ಸಂಪಿನ ತುಂಬ ನೀರಿದ್ದರೂ ಅದರ ಭಾರ ಸಾಮಾನ್ಯವಾಗಿ ತೆಗೆದ ಮಣ್ಣಿನದಕ್ಕಿಂತ ಕಡಿಮೆಯೇ. ಹೊರುವ ಚಿಂತೆಗೆ ಅಲ್ಲಿ ಆಸ್ಪದವೆಲ್ಲಿ? ಚಿಂತಿಸಬೇಕಾದುದು ತೇಲುವುದನ್ನು ಕುರಿತು. ಮಳೆಗಾಲದಲ್ಲಿ ಅಂತರ್ಜಲ ನೆಲಮಟ್ಟಕ್ಕೇರಿದರೆ ಬರಿದಾದ ಸಂಪಿನ ತಳವನ್ನು ಚದರ ಮೀಟರಿಗೆ 3 ಟನ್ನಿನ ಬಲ ಮೇಲಕ್ಕೆ ದೂಡುತ್ತದೆ, 30 ಸೆಂ.ಮೀ. ದಪ್ಪದ ತಳದ ತೂಕವಾದರೋ ಮುಕ್ಕಾಲು ಟನ್ನು. ಹೀಗಿದ್ದೂ ವರದಿಯಲ್ಲಿ ಪೆಟ್ಟುಗಳಿಗೆ ಪುಟಗಟ್ಟಲೆ ಕೋಷ್ಟಕಗಳು, ನೀರಿಗೆ ಒಂದೇ ಸಾಲು. ಅದೂ ಬೇಸಗೆಯ ಯಾವುದೋ ಒಂದು ದಿನ ಕಂಡ ಮಟ್ಟ.

ಈ ಕೊರತೆಗೆ ಹೆಚ್ಚು ರಂಧ್ರಗಳೇ ಪರಿಹಾರವೆನ್ನುವ ವಿಮರ್ಶಕರ ಒಂದು ಪಂಗಡವಿದೆ. ಅವರೊಡನೆ ನನಗೆ ಸಹಮತವಿಲ್ಲ. ಮೂವತ್ತು ಮೀಟರಿಗೊಂದರಂತೆ 15 ಸೆಂ.ಮೀ. ಅಗಲದ ರಂಧ್ರ ಕೊರೆದರೆ ಕಾಣುವುದು ನೆಲದ 50,000ದಲ್ಲಿ ಒಂದು ಪಾಲು. ಅಂತರವನ್ನು ಅರ್ಧಕ್ಕಿಳಿಸಿದರೆ ನಾಲ್ಕು ಪಾಲು. ಕುರುಡಿನ ಪ್ರಮಾಣ ಅಷ್ಟರಿಂದ ತಗ್ಗಿತೆಂದು ಹಿಗ್ಗುವುದು ಲೆಕ್ಕ ತಿಳಿದವರ ಲಕ್ಷಣವಲ್ಲ. ತಪ್ಪು ಪ್ರಶ್ನೆಯನ್ನು ನಾಲ್ಕು ಬಾರಿ ಕೇಳಿದರೆ ಅದು ಸರಿಯಾದ ಪ್ರಶ್ನೆಯಾಗದು. ಬಾವಿ ತೋಡುವವರ ಅನುಭವವೊಂದೇ ಸಾಕೆನ್ನುವ ಮತ್ತೊಂದು ಪಂಗಡದವರ ಭಕ್ತಿ ಮೆಚ್ಚತಕ್ಕದ್ದು. ಆದರೆ ಬಾವಿಯವನು ನೀರನ್ನು ಬಯಸಿ ಇಳಿಯುವವನು, ಇಲ್ಲಿ ನಾವು ಅದಕ್ಕೆ ಅಂಜಿ ಇಳಿಯುವವರು. ಅವನಿಂದ ಕೇಳಿ ತಿಳಿಯಬೇಕಾದುದು ನೀರಿನ ಏರಿಳಿತವೇ ಹೊರತು ತಳದ ದಪ್ಪವಲ್ಲ.

ನೀರಿನ ಪ್ರಶ್ನೆ ಸಂಪಿಗಷ್ಟೇ ಸೀಮಿತವಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ಹೇಮಾವತಿಯ ನೀರನ್ನು ತುಮಕೂರಿನ ಕಡೆಗೆ ಒಯ್ಯುವ ಬಾಗೂರು–ನವಿಲೆ ಸುರಂಗವಿದೆ. ಅದರ ಉದ್ದವನ್ನು ಕೊಂಡಾಡುವವರು ಬಹುಮಂದಿ. ಸುರಂಗದಿಂದಾಗಿ ತಮ್ಮ ಬಾವಿಗಳು ಬತ್ತಿದುವೆಂಬ ಆ ಭಾಗದ ರೈತರ ದೀರ್ಘಕಾಲದ ದೂರನ್ನು ನೆನೆಯುವವರು ವಿರಳ. ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಅಗೆದ ಸುರಂಗವು ಕಾಂಕ್ರೀಟಿನ ಒಳಪದರ ಭದ್ರವಾಗಿ ಕೂರುವವರೆಗೂ ಸುತ್ತಣ ನೀರನ್ನು ತನ್ನತ್ತ ಸೆಳೆಯುವ ಚರಂಡಿಯಾಗಬಲ್ಲುದು. ಮಳೆಯ ಅಭಾವವೂ ಕೊಳವೆಬಾವಿಗಳೂ ಕಾರಣವಾಗಿರಬಹುದೆಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಇಂಥ ವ್ಯಾಜ್ಯವನ್ನು ತೀರಿಸಬಲ್ಲದ್ದು ಅಗೆತಕ್ಕೆ ಮುನ್ನ ಊರೂರಿನ ಬಾವಿಗಳಲ್ಲಿ ಅಳೆದಿಟ್ಟ ನೀರಿನ ಮಟ್ಟವೇ ಹೊರತು ಸುತ್ತಿಗೆಯ ಪೆಟ್ಟಲ್ಲ. ನೆಲವು ಕಟ್ಟಡಕ್ಕೇನು ಮಾಡೀತೆಂದು ಕೇಳಿದ ಯೋಜನೆ, ಕಟ್ಟಡವು ನೆಲಕ್ಕೇನು ಮಾಡೀತೆಂದೂ ಕೇಳಬೇಕಾಗಿತ್ತು.

ನೀರಿನ ಮಟ್ಟವನ್ನು ಅಳೆದಿಡಲು ಮಹಾ ಯಂತ್ರಗಳು ಬೇಡ. ಕೊರೆದ ರಂಧ್ರವನ್ನು ಮುಚ್ಚಿಹೋಗುವ ಬದಲು ತೂತುಗಳುಳ್ಳ ಪಿ.ವಿ.ಸಿ. ಕೊಳವೆಯೊಂದನ್ನು ಅದರಲ್ಲಿ ಇಳಿಬಿಟ್ಟು, ತಿಂಗಳಿಗೊಮ್ಮೆ ಅಳತೆಯ ಪಟ್ಟಿ ಇಳಿಸಿ ನೋಡಿದರೆ ಸಾಕು. ಬೇಕಾದುದು ಒಂದು ಮಳೆಗಾಲದಷ್ಟು ತಾಳ್ಮೆ. ಪೆಟ್ಟುಗಳನ್ನು ಒಂದೇ ಮಧ್ಯಾಹ್ನದಲ್ಲಿ ಎಣಿಸಿ ಮುಗಿಸಬಹುದು. ಎನ್-ಮೌಲ್ಯದ ಕೀರ್ತಿಯ ಬಹುಪಾಲು ಬಂದದ್ದು ಈ ಅನುಕೂಲದಿಂದಲೇ ಎಂದು ನನಗೆ ತೋರುತ್ತದೆ.