ದೀಪ ಹೊತ್ತಿದೆ, ಮನೆ ಬೆಚ್ಚಗಿಲ್ಲ: ದೋಷಪತ್ತೆ ಪಟ್ಟಿಯೊಂದರ ವಿಮರ್ಶೆ

ಬ್ರಿಟನ್ನಿನ ಹಳೆಯ ಮನೆಗಳಲ್ಲಿ ಒಂದೇ ಬಾಯ್ಲರು ಎರಡು ಕೆಲಸ ಮಾಡುತ್ತದೆ: ಕೋಣೆಗಳ ರೇಡಿಯೇಟರುಗಳಿಗೆ ಬಿಸಿನೀರು ಕಳಿಸುವುದು, ಸಿಲಿಂಡರಿನಲ್ಲಿರುವ ಸ್ನಾನದ ನೀರನ್ನು ಕಾಯಿಸುವುದು. ಯಾವ ಹೊತ್ತಿಗೆ ಯಾವ ಕೆಲಸ ಎಂದು ನಿರ್ಧರಿಸುವುದು ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆ. ಅದೇ ಪ್ರೋಗ್ರಾಮರ್. ಚಳಿಗಾಲದಲ್ಲಿ ಮನೆ ಬೆಚ್ಚಗಾಗದಿದ್ದರೆ ಮೊದಲ ಆರೋಪ ಇದರ ಮೇಲೆಯೇ. ದುರಸ್ತಿಗೆ ನೆರವಾಗುವ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಎರಡು ಅಂಕಣಗಳಿರುತ್ತವೆ: ಲಕ್ಷಣ ಮತ್ತು ಪರಿಹಾರ. ಇಂಥ ಪಟ್ಟಿ ಎಷ್ಟು ವೈಜ್ಞಾನಿಕ? ನೋಡೋಣ.

ಪಟ್ಟಿಯ ಆರಂಭ ಸರಿಯಾಗಿಯೇ ಇರುತ್ತದೆ. ವಿದ್ಯುತ್ ಬರುತ್ತಿದೆಯೇ? ಫ್ಯೂಸ್ ಸುಟ್ಟಿದೆಯೇ? ಗಡಿಯಾರ ಸರಿಯಾದ ಸಮಯ ತೋರಿಸುತ್ತಿದೆಯೇ? ಮೂರನೆಯ ಪ್ರಶ್ನೆ ಮುಖ್ಯವಾದುದು. ಹಳೆಯ ಪ್ರೋಗ್ರಾಮರಿನ ಗಡಿಯಾರ 50 ಹರ್ಟ್ಸ್ ವಿದ್ಯುತ್ತಿನಿಂದ ತಿರುಗುವ ಮೋಟಾರು. ವಿದ್ಯುತ್ ಎರಡು ಗಂಟೆ ಹೋದರೆ ಗಡಿಯಾರವೂ ಎರಡು ಗಂಟೆ ಹಿಂದೆ ಬೀಳುತ್ತದೆ. ಮುಂಜಾನೆ ಆರಕ್ಕೆ ಬೆಚ್ಚಗಾಗಬೇಕಾದ ಮನೆ ಎಂಟಕ್ಕೆ ಬೆಚ್ಚಗಾಗುತ್ತದೆ. ಯಾವ ಭಾಗವೂ ಕೆಟ್ಟಿರುವುದಿಲ್ಲ!

ಮುಂದಿನ ಹೆಜ್ಜೆಯಲ್ಲಿ ಪಟ್ಟಿ ಎಡವುತ್ತದೆ. 'ದೀಪ ಹೊತ್ತಿದೆ, ಟಿಕ್ ಎಂಬ ಸದ್ದು ಕೇಳಿದೆ, ಆದ್ದರಿಂದ ಪ್ರೋಗ್ರಾಮರ್ ಚೆನ್ನಾಗಿದೆ' ಎಂಬ ತೀರ್ಮಾನವನ್ನು ಗಮನಿಸಿ. ಸದ್ದು ತಿಳಿಸುವುದು ರಿಲೇಯ ತೋಳು ಚಲಿಸಿತು ಎಂಬುದನ್ನಷ್ಟೆ. ಸಂಪರ್ಕ ಬಿಂದುಗಳು ಸುಟ್ಟು ಕಪ್ಪಾಗಿದ್ದರೆ ತೋಳು ಚಲಿಸಿಯೂ ವಿದ್ಯುತ್ ಹರಿಯದು. ಅಳೆಯಬೇಕಾದುದು ಪೆಟ್ಟಿಗೆಯ ನಿರ್ಗಮ ತುದಿಯನ್ನು. ಒಳಬರುವ ತುದಿಯಲ್ಲಿ 230 ವೋಲ್ಟ್ ಇದ್ದು, ತಾಪನವನ್ನು ಚಾಲೂ ಮಾಡಿದಾಗಲೂ ಅದರ ನಿರ್ಗಮ ತುದಿಯಲ್ಲಿ ಏನೂ ಇಲ್ಲದಿದ್ದರೆ ದೋಷ ಪ್ರೋಗ್ರಾಮರಿನದು. ಅಲ್ಲಿಯೂ 230 ವೋಲ್ಟ್ ಇದ್ದರೆ ದೋಷ ಮುಂದಿದೆ: ಕೋಣೆಯ ಥರ್ಮೋಸ್ಟಾಟ್, ಮೋಟಾರು ಕವಾಟ, ಪಂಪು ಅಥವಾ ಬಾಯ್ಲರಿನಲ್ಲಿ. ಒಂದೇ ಅಳತೆ ಇಡೀ ಸರಪಣಿಯನ್ನು ಎರಡು ಭಾಗ ಮಾಡುತ್ತದೆ.

ಇನ್ನೊಂದು ಲಕ್ಷಣ: ಆರಿಸಿದರೂ ಬಾಯ್ಲರು ನಿಲ್ಲುವುದಿಲ್ಲ. 'ಪ್ರೋಗ್ರಾಮರ್ ಬದಲಿಸಿ' ಎನ್ನುತ್ತದೆ ಪಟ್ಟಿ. ಆದರೆ ಮೋಟಾರು ಕವಾಟ ತೆರೆದಾಗ ಅದರೊಳಗಿನ ಪುಟ್ಟ ಸ್ವಿಚ್ಚೊಂದು ಬಾಯ್ಲರಿಗೆ ವಿದ್ಯುತ್ ಕೊಡುತ್ತದೆ. ಆ ಸ್ವಿಚ್ ಅಂಟಿಕೊಂಡರೂ ಇದೇ ಲಕ್ಷಣ. ಇನ್ನು ಕೆಲವು ಹಳೆಯ ಮನೆಗಳಲ್ಲಿ ಸಿಲಿಂಡರಿಗೆ ಬಿಸಿನೀರು ಪಂಪಿಲ್ಲದೆ, ಸಂವಹನದಿಂದಲೇ ಏರುತ್ತದೆ. ಅಲ್ಲಿ ಸ್ನಾನದ ನೀರನ್ನು ಬಿಟ್ಟು ಕೋಣೆಗಳನ್ನು ಮಾತ್ರ ಕಾಯಿಸಲಾಗದು. ಅದು ದೋಷವಲ್ಲ, ವಿನ್ಯಾಸ. ಒಂದು ಲಕ್ಷಣಕ್ಕೆ ಒಂದೇ ಕಾರಣ ಎಂದು ಭಾವಿಸುವುದೇ ಪಟ್ಟಿಯ ದೊಡ್ಡ ಕೊರತೆ.

'ಬದಲಿಸಿದೆವು, ಸರಿಹೋಯಿತು. ಹಾಗಾದರೆ ಹಳೆಯದು ಕೆಟ್ಟಿತ್ತಲ್ಲವೇ?' ಎಂದು ನೀವು ಕೇಳಬಹುದು. ಅವಸರ ಬೇಡ. ಪೆಟ್ಟಿಗೆಯನ್ನು ಅದರ ಆಧಾರಫಲಕದಿಂದ ತೆಗೆದು ಮತ್ತೆ ಕೂಡಿಸಿದಾಗ ಸಡಿಲ ಸಂಪರ್ಕ ತಾನಾಗಿ ಬಿಗಿಯಾಗಿರಬಹುದು. ಹಳೆಯದನ್ನು ಮತ್ತೆ ಜೋಡಿಸಿದಾಗ ದೋಷವೂ ಮರಳಿದರೆ ಆರೋಪಕ್ಕೆ ಬಲ ಬಂತು. ಈ ಮರುಪರೀಕ್ಷೆಯನ್ನು ಪಟ್ಟಿ ಹೇಳುವುದಿಲ್ಲ. ಪರಿಣಾಮ? ಒಳ್ಳೆಯ ಪೆಟ್ಟಿಗೆ ಕಸದ ಬುಟ್ಟಿಗೆ, ಹಣ ವ್ಯರ್ಥ. ನಿಜವಾದ ದೋಷ ಉಳಿದು, ವೃದ್ಧರಿರುವ ಮನೆ ಚಳಿಯಲ್ಲೇ ಇರುತ್ತದೆ.

ಎಚ್ಚರಿಕೆ: 230 ವೋಲ್ಟಿನ ಅಳತೆ, ಜೋಡಣೆ ತರಬೇತಿ ಪಡೆದವರ ಕೆಲಸ. ತರಗತಿಯಲ್ಲಿ ಅದು ಬೇಡವೇ ಬೇಡ.

ಶಿಕ್ಷಕರೇ, ಇದರ ತಿರುಳನ್ನು ಎರಡು ಟಾರ್ಚ್ ಕೋಶ, ಸರಣಿಯಲ್ಲಿ ಜೋಡಿಸಿದ ಮೂರು ಸ್ವಿಚ್ಚು, ಒಂದು ಬಲ್ಬಿನಿಂದ ತೋರಿಸಬಹುದು. ಮಕ್ಕಳಿಗೆ ಕಾಣದಂತೆ ಒಂದು ಸ್ವಿಚ್ಚಿನ ಸಂಪರ್ಕದ ನಡುವೆ ಕಾಗದದ ಚೂರು ಇಡಿ. ಎಲ್ಲ ಸ್ವಿಚ್ಚುಗಳನ್ನೂ ಒತ್ತಿದರೂ ಬಲ್ಬು ಉರಿಯದು. ಇನ್ನೊಂದು ಬಲ್ಬಿನ ಒಂದು ತಂತಿಯನ್ನು ಕೋಶದ ಋಣ ತುದಿಗೆ ಜೋಡಿಸಿ, ಮತ್ತೊಂದನ್ನು ಪ್ರತಿ ಸ್ವಿಚ್ಚಿನ ಆಚೆಗೆ ಮುಟ್ಟಿಸುತ್ತ ಹೋಗಲಿ. ಎಲ್ಲಿ ಬೆಳಕು ನಿಲ್ಲುತ್ತದೋ ಅಲ್ಲಿ ದೋಷ. ಆದರೆ ಮುಟ್ಟಿಸುವ ಮೊದಲು ಊಹೆಯನ್ನು ಬರೆದಿಡಲು ಹೇಳಿ. ಊಹೆ ತಪ್ಪಿದಾಗಲೇ ಅಳತೆಯ ಬೆಲೆ ತಿಳಿಯುವುದು.